ರಾಣಿಯ ಪುಟ್ಟ ಪುಸ್ತಕ

ನ್ಯೂಯಾರ್ಕ್
ಭಾನುವಾರ

ಅಮ್ಮನಿಗೆ ನಮಸ್ಕಾರ.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಚಳಿ ಶುರುವಾಗಿದೆ. ನೀನು ಕಳಿಸಿದ ಚಟ್ನಿಪುಡಿ ಆಗಲೇ ಅರ್ಧ ಖಾಲಿ.

ನಿನ್ನೆ ಇಲ್ಲಿನ ಮೆಟ್ರೊದ ಎ ಟ್ರೈನ್ ಹತ್ತಿ ಕ್ಲಾಯ್ಸ್ಟರ್ಸ್ ಮ್ಯೂಸಿಯಮ್ಮಿಗೆ ಹೋಗಿದ್ದೆ. ಅಲ್ಲೊಂದು ಪುಸ್ತಕ ನೋಡಿದಾಗಿನಿಂದ ನಿನ್ನದೇ ನೆನಪು. ಫ್ರಾನ್ಸಿನ ರಾಣಿ ಝಾನ್ ದೆವ್ರೊ ಇದ್ದಳಲ್ಲ, ಅವಳ ಪ್ರಾರ್ಥನೆ ಪುಸ್ತಕ. ಗಂಡ, ರಾಜ ನಾಲ್ಕನೇ ಶಾರ್ಲ್, 1324ರಿಂದ 1328ರ ನಡುವೆ ಮಾಡಿಸಿಕೊಟ್ಟದ್ದು.

ರಾಣಿಯ ಪುಸ್ತಕ ಅಂದರೆ ದೊಡ್ಡದಾಗಿ, ಮೈತುಂಬ ಚಿನ್ನ ಮೆತ್ತಿಕೊಂಡಿರುತ್ತೆ ಅಂದುಕೊಂಡಿದ್ದೆ. ಇದು ನಿನ್ನ ವಿಷ್ಣುಸಹಸ್ರನಾಮದ ಪುಸ್ತಕಕ್ಕಿಂತ ಚಿಕ್ಕದು! ಉದ್ದ ಸುಮಾರು 9 ಸೆಂಟಿಮೀಟರ್, ಅಗಲ 6. ಅದರಲ್ಲೇ 209 ಹಾಳೆ. ಕಾಗದವಲ್ಲ, ಹದ ಮಾಡಿದ ತೊಗಲು (ನೀನು ಮುಖ ಸಿಂಡರಿಸ್ತೀಯ, ಗೊತ್ತು). ಬಣ್ಣವೂ ಜಾಸ್ತಿ ಇಲ್ಲ. ಚಿತ್ರಕಾರ ಝಾಂ ಪ್ಯೂಸೆಲ್ ಜನರನ್ನೆಲ್ಲ ಬೂದು ಬಣ್ಣದಲ್ಲೇ ತೀಡಿದ್ದಾನೆ. ಕಲ್ಲಿನಲ್ಲಿ ಕೆತ್ತಿದ ಹಾಗೆ ಎದ್ದು ಕಾಣುತ್ತಾರೆ.

ದೇವದೂತ ಬಂದು ಮೇರಿಗೆ ಮಗು ಹುಟ್ಟುವ ಸುದ್ದಿ ಹೇಳುವ ಪುಟ ತೆರೆದಿತ್ತು. ಗಾಜಿಗೆ ಮೂಗು ತಾಗುವಷ್ಟು ಬಗ್ಗಿ ನೋಡಿದೆ. ಚಿತ್ರದ ಕೆಳಗೆ ಒಂದು 'ಡಿ' ಅಕ್ಷರ. ಅದರ ಹೊಟ್ಟೆಯೊಳಗೆ ರಾಣಿಯೇ ಮಂಡಿಯೂರಿ ಪುಸ್ತಕ ಓದುತ್ತಿದ್ದಾಳೆ! ಪುಟದ ಬುಡದಲ್ಲಿ ಮಾತ್ರ, ಒಬ್ಬನನ್ನು ನಡುವೆ ಕೂರಿಸಿ ಉಳಿದವರು ಸತಾಯಿಸುವ ಆಟ. ಮೇಲೆ ದೇವರು, ಕೆಳಗೆ ತುಂಟಾಟ. ಅಂಚುಗಳಲ್ಲಿ ಇಂಥ ಚಿತ್ರ ಸುಮಾರು 700 ಇವೆಯಂತೆ. ಪ್ರಾರ್ಥನೆ ಮಧ್ಯೆ ರಾಣಿಗೆ ನಗು ಬರುತ್ತಿತ್ತೋ ಏನೋ. ನೀನೂ ಸಹಸ್ರನಾಮ ಹೇಳುತ್ತಲೇ ಕುಕ್ಕರ್ ವಿಷಲ್ ಎಣಿಸ್ತೀಯಲ್ವಾ?

1328ರಲ್ಲೇ ರಾಜ ತೀರಿಕೊಂಡ. ಅವಳಿಗಿನ್ನೂ ಇಪ್ಪತ್ತು ತುಂಬಿರಲಿಲ್ಲ. ಆಮೇಲೆ 43 ವರ್ಷ ಬದುಕಿದಳು, ಮತ್ತೆ ಮದುವೆಯಾಗಲಿಲ್ಲ. ಕೊನೆಗೆ ಉಯಿಲಿನಲ್ಲಿ ಆಗಿನ ರಾಜ ಐದನೇ ಶಾರ್ಲ್‌ಗೆ ಈ ಪುಸ್ತಕ ಬಿಟ್ಟುಹೋದಳು. ಗಂಡ ಮಾಡಿಸಿಕೊಟ್ಟದ್ದು, ಪ್ಯೂಸೆಲ್ ಚಿತ್ರ ಬರೆದದ್ದು ಅಂತ ಉಯಿಲಿನಲ್ಲೇ ನೆನಪಿಟ್ಟು ಬರೆಸಿದ್ದಾಳೆ.

ಮುಂದೆ ಇದು ಬೆರಿಯ ಡ್ಯೂಕ್ ಝಾಂ ಕೈಸೇರಿತು. ಅವನೋ ಪುಸ್ತಕದ ಹುಚ್ಚ. ಲಿಂಬರ್ಗ್ ಅನ್ನೋ ಚಿತ್ರಕಾರ ಅಣ್ಣತಮ್ಮಂದಿರಿಂದ ಅವನು ಮಾಡಿಸಿದ ಇನ್ನೊಂದು ಪುಸ್ತಕವೂ ಇದೇ ಮ್ಯೂಸಿಯಮ್ಮಿನದು. ನೀಲಿ, ಚಿನ್ನ, ಎಲ್ಲ ಝಗಝಗ. ನನಗೇಕೋ ಬೂದು ಬಣ್ಣದ್ದೇ ಹಿಡಿಸಿತು.

ನಿನ್ನ ಸಹಸ್ರನಾಮದ ರಟ್ಟು ಕಿತ್ತಿದೆ, ಹೊಸದು ತಗೋತೀನಿ ಅಂದಿದ್ದೆಯಲ್ಲ. ತಗೋ. ಹಳೇದನ್ನು ಮಾತ್ರ ರದ್ದಿಗೆ ಹಾಕಬೇಡ, ನನಗೆ ಎತ್ತಿಡು. ಅಂಚಿನಲ್ಲೆಲ್ಲ ನೀನು ಹಾಲಿನ ಲೆಕ್ಕ ಬರೆದಿದ್ದೀಯ.

ಅಪ್ಪನಿಗೆ ನಮಸ್ಕಾರ ತಿಳಿಸು.

ನಿನ್ನ ಮಗಳು