ಟ್ರಂಕಿನಲ್ಲಿರುವ ಖಣ: ಮಗಳಿಗೊಂದು ಪತ್ರ

ನವನಗರ, ಬಾಗಲಕೋಟೆ

ಚಿರಂಜೀವಿ ಮಗಳಿಗೆ ನಿನ್ನ ಅವ್ವ ಮಾಡುವ ಆಶೀರ್ವಾದಗಳು.

ದೀಪಾವಳಿಗೆ ಬಂದಾಗ ಅಜ್ಜನ ಟ್ರಂಕಿನಲ್ಲಿ ಕಂಡ ಕೆಂಪು ಖಣವನ್ನು, ಆ ಕುಬುಸದ ಬಟ್ಟೆಯನ್ನು, ನೀನು ಜಾಕೀಟು ಹೊಲಿಸಿಕೊಳ್ಳಲು ಕೇಳಿದೆ. ನಾನು ‘ಅದು ನಮ್ಮದಲ್ಲ’ ಎಂದಷ್ಟೇ ಹೇಳಿ ಮುಚ್ಚಳ ಹಾಕಿದೆ. ಮರುದಿನ ಧಾರವಾಡದ ಬಸ್ಸು ಹತ್ತುವಾಗಲೂ ನಿನ್ನ ಮುಖ ಸಣ್ಣದಾಗಿಯೇ ಇತ್ತು. ಫೋನಿನಲ್ಲಿ ಹೇಳಬಹುದಿತ್ತು, ಆದರೆ ನನ್ನ ಅಪ್ಪನ, ಅಂದರೆ ನಿನ್ನ ಅಜ್ಜನ, ಮಾತು ಬಂದರೆ ನನಗೆ ಅರ್ಧಕ್ಕೇ ಗಂಟಲು ಕಟ್ಟುತ್ತದೆ. ಆದ್ದರಿಂದ ಬರೆಯುತ್ತಿದ್ದೇನೆ.

ಅಜ್ಜ ತೀರಿಕೊಂಡಾಗ ನಿನಗೆ ಐದು ವರ್ಷ. ಜುಬ್ಬಾದ ಕಿಸೆಯಲ್ಲಿ ಚುನಮರಿ ಇಟ್ಟುಕೊಂಡು ಬರುತ್ತಿದ್ದ ಮುದುಕನಾಗಿ ಮಾತ್ರ ಅವನು ನಿನ್ನ ನೆನಪಿನಲ್ಲಿರಬಹುದು. ನಾನು ಹೇಳುವುದು ಅದಕ್ಕೂ ಹಿಂದಿನವನ ಕಥೆ.

ಹಳೆಯ ಊರಿನ ಓಣಿಯಲ್ಲಿ ಅವನ ಹೊಲಿಗೆ ಅಂಗಡಿಯಿತ್ತು. ಒಳಗೆ ಒಂದು ಮಷಿನ್, ಒಂದು ಮೇಜು, ಹೊರಗೆ ಒಂದು ಕಟ್ಟೆ. ಬಟ್ಟೆ ಕೊಡಲು ಬರುವವರಿಗಿಂತ ಆ ಕಟ್ಟೆಯ ಮೇಲೆ ಕೂಡಲು ಬರುವವರೇ ಹೆಚ್ಚು. ಅವರಿಗೆಲ್ಲ ಚಹಾ ತರಿಸಿ ತರಿಸಿಯೇ ಮನೆ ಕಟ್ಟುವ ದುಡ್ಡು ಹೋಯಿತೆಂದು ನಮ್ಮವ್ವ ಬದುಕಿರುವವರೆಗೂ ಹೇಳುತ್ತಿದ್ದಳು, ಮತ್ತು ಆ ಲೆಕ್ಕದಲ್ಲಿ ಅವಳದು ತೀರ ತಪ್ಪೆಂದು ನನಗೂ ಅನ್ನಿಸುವುದಿಲ್ಲ. ಹಮಾಲರಿಗೆ, ಮಾಸ್ತರರಿಗೆ, ಎತ್ತಿನ ವ್ಯಾಪಾರದವರಿಗೆ ಎಲ್ಲರಿಗೂ ಅಂಗಿ ಹೊಲಿಯುತ್ತಿದ್ದ. ಟೇಪು ಕೊರಳಿಗೆ ಹಾಕಿಕೊಂಡು ಅಳತೆ ತೆಗೆದು ವಹಿಯಲ್ಲಿ ಬರೆಯುವಾಗ ಹೋದ ವರ್ಷದ ಪುಟವನ್ನೂ ತಿರುವಿ ನೋಡುತ್ತಿದ್ದ. ಎದೆಯ ಸುತ್ತು ಕಡಿಮೆಯಾಗಿದ್ದರೆ ಪೆನ್ಸಿಲ್ ಕೆಳಗಿಟ್ಟು, ‘ಎರಡು ಇಂಚು ಇಳದೀರಿ, ಮನ್ಯಾಗ ಎಲ್ಲಾ ಬರೋಬರಿ ಐತಿಲ್ಲೋ?’ ಎಂದು ಕೇಳುತ್ತಿದ್ದ. ಆಮೇಲೆ ಆ ಮನುಷ್ಯ ಅಂಗಡಿಯಿಂದ ಇಳಿಯಲು ಒಂದು ತಾಸಾದರೂ ಬೇಕಾಗುತ್ತಿತ್ತು. ಸಾಲ, ಮಗಳ ಲಗ್ನ, ಹೊಟ್ಟೆಯ ಬೇನೆ, ಎಲ್ಲವೂ ಆ ಎರಡು ಇಂಚಿನ ಹಿಂದಿನಿಂದ ಹೊರಬರುತ್ತಿದ್ದವು. ಅಪ್ಪ ಯಾರಿಗೂ ಬುದ್ಧಿ ಹೇಳುತ್ತಿರಲಿಲ್ಲ. ಕಾಜಾ ಹಾಕುತ್ತ ‘ಹೂಂ, ಮುಂದ?’ ಅನ್ನುತ್ತಿದ್ದ, ಅಷ್ಟೇ.

ಅವನ ದೊಡ್ಡ ತಪ್ಪೆಂದರೆ ಹೇಳಿದ ದಿನಕ್ಕೆ ಬಟ್ಟೆ ಕೊಡದಿರುವುದು. ಎಂಟು ದಿನ ಎಂದರೆ ತಿಂಗಳು. ಲಗ್ನದ ಹಿಂದಿನ ರಾತ್ರಿ ಮದುಮಗನ ಅಣ್ಣ ಬಂದು ಅಂಗಡಿಯಲ್ಲೇ ಕೂತು ಗುಂಡಿ ಹಚ್ಚಿಸಿಕೊಂಡು ಹೋದದ್ದನ್ನು ನಾನೇ ಕಂಡಿದ್ದೇನೆ. ಇದನ್ನು ಮುಚ್ಚಿಟ್ಟರೆ ಖಣದ ಸಂಗತಿ ನಿನಗೆ ತಿಳಿಯುವುದಿಲ್ಲ.

ಆಲಮಟ್ಟಿ ಆಣೆಕಟ್ಟಿಗೆ 1964ರಲ್ಲೇ ಅಡಿಗಲ್ಲು ಬಿದ್ದಿತ್ತು. ಆದರೂ ಊರು ಮುಳುಗುತ್ತದೆಂಬ ಮಾತನ್ನು ನಮ್ಮ ಓಣಿಯವರು ಮಳೆಯ ಸುದ್ದಿಯ ಹಾಗೆ ಕೇಳಿ ಬಿಡುತ್ತ ಬಂದಿದ್ದರು. ಕೃಷ್ಣೆಗೆ ಕಟ್ಟಿದ ಕಟ್ಟೆಯ ನೀರು 519.60 ಮೀಟರಿಗೆ ನಿಂತರೆ ಅದು ಹಿಂದೆ ಸರಿದು ಘಟಪ್ರಭೆಯೊಳಗೆ ಏರಿ ನಮ್ಮ ಹೊಸ್ತಿಲಿಗೆ ಬರುತ್ತದೆಂಬುದು, ನಕಾಶೆ ಹಿಡಿದವರಿಗೆ ತಿಳಿದಷ್ಟು ಸುಲಭವಾಗಿ, ದಿನಾಲೂ ಅದೇ ಹೊಳೆಗೆ ಇಳಿದು ಬಟ್ಟೆ ಒಗೆಯುವವರಿಗೆ ತಿಳಿಯುವುದಿಲ್ಲ. 1997ರಲ್ಲಿ ಬಾಗಲಕೋಟೆ ವಿಜಾಪುರದಿಂದ ಬೇರೆಯಾಗಿ ಜಿಲ್ಲೆಯಾಯಿತು. ಅದರ ಆಚೀಚಿನ ವರ್ಷಗಳಲ್ಲೇ ಓಣಿಯೂ ಒಡೆಯಿತು. ಜನ ತಮ್ಮ ಮನೆಯ ಬಾಗಿಲು, ತೊಲೆಗಳನ್ನು ತಾವೇ ಕಿತ್ತು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ನವನಗರಕ್ಕೆ ಬಂದರು.

ಇಲ್ಲಿ ರಸ್ತೆ ಅಗಲ, ಸೆಕ್ಟರಿಗೊಂದು ನಂಬರು. ಗೋಡೆಗೆ ಗೋಡೆ ಹತ್ತಿಸಿಕೊಂಡು ಬದುಕಿದವರು ಬೇರೆ ಬೇರೆ ಸೆಕ್ಟರುಗಳಲ್ಲಿ ಬಿದ್ದರು. ಅಪ್ಪ ತಿಂಗಳುಗಟ್ಟಲೆ ಅಂಗಡಿ ಇಡಲಿಲ್ಲ. ಮುಂಜಾನೆ ಸೈಕಲ್ ತೆಗೆದುಕೊಂಡು, ಅದೇ ಅಳತೆಯ ವಹಿಯನ್ನು ಕ್ಯಾರಿಯರಿಗೆ ಸಿಗಿಸಿ, ಸೆಕ್ಟರಿನಿಂದ ಸೆಕ್ಟರಿಗೆ ಹೋಗಿ ಯಾರು ಎಲ್ಲಿಗೆ ಬಂದಿದ್ದಾರೆಂದು ಹುಡುಕಿದ. ವಹಿಯನ್ನು ನೀನು ನೋಡಬೇಕು: ಎದೆ, ಭುಜ, ತೋಳು ಎಂದು ಬರೆದ ಸಾಲಿನ ಕೆಳಗೆ ಕೆಂಪು ಪೆನ್ಸಿಲಿನಲ್ಲಿ ಸೆಕ್ಟರು, ಮನೆಯ ಗುರುತು, ‘ಬೇವಿನ ಗಿಡದ ಎದುರು’, ‘ನೀಲಿ ಗೇಟು’. ಸಂಜೆಗೆ ಬಂದು, ಇಂಥವರ ಮಗನಿಗೆ ಕೆಲಸ ಸಿಕ್ಕಿದೆ, ಇಂಥ ಮುದುಕಿ ನೆಲ ಹಿಡಿದಿದ್ದಾಳೆ ಎಂದು ಹೇಳುತ್ತಿದ್ದ. ಮರುದಿನ ಆ ಸುದ್ದಿಯನ್ನು ಇನ್ನೊಂದು ಸೆಕ್ಟರಿಗೆ ಒಯ್ಯುತ್ತಿದ್ದ. ಅವನಿಗೆ ಆಗ ಅರವತ್ತರ ಮೇಲಾಗಿತ್ತು.

ಆ ವಹಿಯಲ್ಲಿ ಒಂದೇ ಒಂದು ಪುಟಕ್ಕೆ ಕೆಂಪು ಗುರುತಿಲ್ಲ. ಓಣಿಯ ತುದಿಯಲ್ಲಿದ್ದ ಹೆಣ್ಣುಮಗಳೊಬ್ಬಳು, ತವರಿನಲ್ಲಿ ಉಡಿ ತುಂಬಿದಾಗ ಬಂದ ಗುಳೇದಗುಡ್ಡದ ತೇರಿನ ಚಿತ್ತಾರದ ಖಣವನ್ನು, ಅಳತೆಗೆಂದು ಒಂದು ಹಳೆಯ ಕುಬುಸದ ಸಮೇತ ಕೊಟ್ಟು ಹೋಗಿದ್ದಳು. ಅಪ್ಪ ಎಂಟು ದಿನ ಎಂದಿದ್ದ. ಎರಡು ತಿಂಗಳಾಯಿತು, ಅಷ್ಟರಲ್ಲಿ ಆ ಮನೆಯವರು ಹೊರಟುಹೋದರು. ಇಚಲಕರಂಜಿಗೆ ಮಗ್ಗದ ಕೆಲಸಕ್ಕೆ ಹೋದರೆಂದು ಕೆಲವರು, ಗಂಡನ ಊರಿಗೆ ಹೋದರೆಂದು ಕೆಲವರು. ಅಪ್ಪ ಕೇಳದ ಮನುಷ್ಯರಿಲ್ಲ. ‘ಹೊಲಿದಾದರೂ ಇಡಬಾರದೇ?’ ಎಂದು ನಾನು ಒಮ್ಮೆ ಕೇಳಿದೆ. ‘ಮಂದಿ ಒಂದೇ ಅಳತ್ಯಾಗ ಇರ್ತಾರೇನವ್ವಾ? ಆಕಿ ಬಂದ ದಿನಾ ಕೂತು ಹೊಲೀತೀನಿ, ಈ ಸಲ ತಡಾ ಮಾಡೂದಿಲ್ಲ’ ಎಂದ. ಕೊನೆಗಾಲದಲ್ಲಿ ಕೈ ನಡುಗಿ ಸೂಜಿಗೆ ದಾರ ಪೋಣಿಸಲಾಗದಿದ್ದಾಗಲೂ ಇದೇ ಮಾತು ಹೇಳುತ್ತಿದ್ದ.

ಹೋಳಿಯ ಮೂರು ದಿನದ ಬಣ್ಣಕ್ಕೆ ಎಲ್ಲೆಲ್ಲೋ ಚದುರಿದವರು ಈಗಲೂ ಹಳೆಯ ಊರಿನ ಮುಳುಗದೆ ಉಳಿದ ಓಣಿಗಳಿಗೆ ಬರುತ್ತಾರೆ. ಹಲಗಿಯ ಸಪ್ಪಳದ ನಡುವೆ, ಬಣ್ಣದ ಬಂಡಿ ಮುಂದೆ ಹೋಗುವವರೆಗೆ ಕಾಯ್ದು, ಗುರುತು ಹತ್ತಿದ ಹೆಂಗಸರನ್ನೆಲ್ಲ ನಾನು ಅವಳ ಬಗ್ಗೆ ಕೇಳುತ್ತೇನೆ. ಮುಖಕ್ಕೆಲ್ಲ ಬಣ್ಣ ಹತ್ತಿರುವಾಗ ಗುರುತು ಹಿಡಿಯುವುದೇ ಕಷ್ಟ, ಅದು ಬೇರೆ ಮಾತು.

ಈ ಸಲ ನೀನೂ ಹೋಳಿಗೆ ಬಾ. ಗುಳೇದಗುಡ್ಡಕ್ಕೆ ಹೋಗಿ ನಿನಗೆ ಬೇಕಾದ ಬಣ್ಣದ ಖಣ ತರೋಣ, ದುಡ್ಡು ನಾನು ಕೊಡುತ್ತೇನೆ. ಟ್ರಂಕಿನದನ್ನು ನಿನ್ನೆ ತೆಗೆದು ನೆರಳಿನಲ್ಲಿ ಗಾಳಿಗೆ ಹಾಕಿ, ಬೇವಿನ ಸೊಪ್ಪು ಬದಲಿಸಿ, ಕುಬುಸದ ಜೊತೆಗೇ ಮತ್ತೆ ಮಡಚಿ ಇಟ್ಟಿದ್ದೇನೆ.

ನಿನ್ನ ಅವ್ವ