ಪೋಷಕರಿಗೆ ಪತ್ರ: 'ಯಾರು ಹೇಳಿದ್ದು?' ಅಂತ ದಯವಿಟ್ಟು ಕೇಳಬೇಡಿ

ಪ್ರಿಯ ಪೋಷಕರೇ,

ಕಳೆದ ತಿಂಗಳು ನಮ್ಮ ಸೈಕಲ್ ಸ್ಟ್ಯಾಂಡಿನಿಂದ ಒಂದೇ ವಾರದಲ್ಲಿ ಮೂರು ಸೈಕಲ್ ಕಾಣೆಯಾಗಿದ್ದು ನಿಮಗೆ ಗೊತ್ತು. ಅದು ಯಾರ ಕೆಲಸ ಅನ್ನೋದು ಒಂಬತ್ತನೇ ತರಗತಿಯ ನಾಲ್ಕೈದು ಮಕ್ಕಳಿಗೆ ಮೊದಲ ದಿನವೇ ಗೊತ್ತಿತ್ತು. ಯಾಕೆ ಹೇಳಲಿಲ್ಲ ಅಂತ ಕೇಳಿದೆ. "ಚಾಡಿ ಹೇಳಬಾರದು ಅಂತ ನೀವೇ ಹೇಳ್ತೀರಲ್ವಾ ಸರ್?" ಅಂದ ಒಬ್ಬ ಹುಡುಗ. ಪಕ್ಕದಲ್ಲಿದ್ದ ಹುಡುಗಿ ಬಾಯಿಯೇ ಬಿಡಲಿಲ್ಲ. ಅವಳಿಗೆ ಹೆದರಿಕೆ.

ಅಂಥ ಹೆದರಿಕೆಗೆ ದಾರಿ ಹುಡುಕುತ್ತಾ ಹುಟ್ಟಿದ್ದು 'ಕ್ರೈಮ್ ಸ್ಟಾಪರ್ಸ್', ಅಂದರೆ ಹೆಸರು ಹೇಳದೆ ಅಪರಾಧದ ಸುಳಿವು ಕೊಡುವ ಏರ್ಪಾಡು. ಅದರ ಕತೆಯನ್ನು ಮಕ್ಕಳಿಗೆ ಹೇಳಿದ್ದೇನೆ. ನಿಮಗೂ ಹೇಳಬೇಕು ಅನ್ನಿಸಿತು.

1976ರ ಜುಲೈ. ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದ ಆಲ್ಬುಕರ್ಕಿ ನಗರ. ಪೆಟ್ರೋಲ್ ಬಂಕಿನಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ವಿದ್ಯಾರ್ಥಿಯ ಕೊಲೆಯಾಯಿತು. ವಾರಗಳು ಉರುಳಿದರೂ ಪೊಲೀಸರಿಗೆ ಒಂದು ಸುಳಿವೂ ಸಿಗಲಿಲ್ಲ. ಗ್ರೆಗ್ ಮೆಕಲೀಸ್ ಎಂಬ ಪತ್ತೇದಾರರಿಗೆ ಒಂದು ಅನುಮಾನ. ಯಾರಿಗೋ ಏನೋ ಗೊತ್ತಿದೆ, ಆದರೆ ಅವರು ಹೆದರಿದ್ದಾರೆ, ಇಲ್ಲವೇ ನಮಗ್ಯಾಕೆ ಅಂತ ಸುಮ್ನಿದ್ದಾರೆ. ಸರಿ, ಕೊಲೆಯ ದೃಶ್ಯವನ್ನು ನಟರಿಂದ ಮಾಡಿಸಿ ಅಲ್ಲಿನ ಟಿವಿಯಲ್ಲಿ ತೋರಿಸಿದರು. ಹೆಸರು ಬೇಡ, ಫೋನ್ ಮಾಡಿ ಸಾಕು, ಬಹುಮಾನವೂ ಉಂಟು ಅಂದರು. ಒಬ್ಬ ಯುವಕ ಫೋನ್ ಮಾಡಿದ. ಆ ರಾತ್ರಿ ಸದ್ದು ಕೇಳಿದ್ದೆ, ಒಂದು ಕಾರು ಹೋಗಿದ್ದನ್ನು ಕಂಡಿದ್ದೆ ಅಂದ. ಮೂರು ದಿನದೊಳಗೆ ಆರೋಪಿಗಳು ಸಿಕ್ಕರು.

ಬಹುಮಾನದ ದುಡ್ಡು ಸರ್ಕಾರದ್ದಲ್ಲ, ಊರಿನವರೇ ಕೂಡಿಸುವುದು. ಈ ಕ್ರಮ ಬೇರೆ ಊರುಗಳಿಗೂ ಹಬ್ಬಿತು. 1983ರಲ್ಲಿ ಕೊಲರಾಡೋದ ಬೌಲ್ಡರ್‌ನಲ್ಲಿ ಶಾಲಾ ಮಕ್ಕಳಿಗಾಗಿಯೇ ಒಂದು ರೂಪ ಬಂತು. ಬ್ರಿಟನ್ನಿನಲ್ಲಿ 1988ರಲ್ಲಿ ಮೈಕೆಲ್ ಆಶ್‌ಕ್ರಾಫ್ಟ್ ಎಂಬ ಉದ್ಯಮಿ ಶುರು ಮಾಡಿದ್ದು ಪೊಲೀಸರಿಂದ ಬೇರೆಯಾಗಿ ನಿಲ್ಲುವ ಸೇವಾ ಸಂಸ್ಥೆ. ಅಲ್ಲಿ ನಿಮ್ಮ ನಂಬರ್ ಹುಡುಕುವುದಿಲ್ಲ. ಬಹುಮಾನ ಬೇಕು ಅಂದವರಿಗೆ ಹೆಸರಿನ ಬದಲು ಒಂದು ಕೋಡ್ ಕೊಡುತ್ತಾರೆ. ಬಹುಮಾನ ಕೇಳಿಕೊಂಡು ಬರುವವರು ತೀರಾ ಕಡಿಮೆ. ನನಗೆ ಜಾಸ್ತಿ ಇಷ್ಟವಾದ ವಿಷಯ ಇದು. ಜನಕ್ಕೆ ಬೇಕಿದ್ದದ್ದು ದುಡ್ಡಲ್ಲ, ಹೆಸರಿಗೊಂದು ಮರೆ.

ಹೆಸರಿಲ್ಲದ ಮಾತಿನಲ್ಲಿ ಸುಳ್ಳೂ ಇರಬಹುದು, ಹಗೆಯೂ ಇರಬಹುದು. ಅದಕ್ಕೇ ಅಲ್ಲಿ ಬಂದ ಮಾತನ್ನು ಸುಳಿವು ಅಂತ ಮಾತ್ರ ನೋಡುತ್ತಾರೆ, ಸಾಕ್ಷಿ ಬೇರೆ ಹುಡುಕಬೇಕು. ನಾವೂ ಹಾಗೇ ಮಾಡುತ್ತೇವೆ. ಬರುವ ಸೋಮವಾರ ಗ್ರಂಥಾಲಯದ ಬಾಗಿಲ ಬಳಿ, ಮಕ್ಕಳು ತಮ್ಮ ಹೆಸರು ಬರೆಯದೆ ಚೀಟಿ ಹಾಕಲು, ಒಂದು ಪೆಟ್ಟಿಗೆ ಇಡುತ್ತೇವೆ. ಚೀಟಿಯಲ್ಲಿ ಬಂದ ಹೆಸರಿನ ಮೇಲೆ ನೇರವಾಗಿ ಕ್ರಮ ಇಲ್ಲ. ಮಗುವಿಗೇ ಯಾರಾದರೂ ತೊಂದರೆ ಕೊಡುತ್ತಿದ್ದರೆ ಮಾತ್ರ ಪೆಟ್ಟಿಗೆ ಸಾಲದು. ಆಗ ನಂಬಿಕೆಯ ದೊಡ್ಡವರೊಬ್ಬರಿಗೆ ಬಾಯಿಬಿಟ್ಟು ಹೇಳಲೇಬೇಕು. ಇದನ್ನು ಮನೆಯಲ್ಲೂ ಹೇಳಿ.

ಒಂದು ತಪ್ಪು ಒಪ್ಪಿಕೊಳ್ಳುತ್ತೇನೆ. ಕೆಲವು ವರ್ಷದ ಹಿಂದೆ ಒಬ್ಬ ಹುಡುಗ ಧೈರ್ಯ ಮಾಡಿ ನನಗೊಂದು ವಿಷಯ ಹೇಳಿದ. ಅವನನ್ನು ಹೊಗಳುವ ಉತ್ಸಾಹದಲ್ಲಿ ತರಗತಿಯಲ್ಲೇ ಅವನ ಹೆಸರು ಹೇಳಿಬಿಟ್ಟೆ. ಆಮೇಲೆ ವರ್ಷವಿಡೀ ಅವನು ಒಬ್ಬನೇ ಕೂತು ಊಟ ಮಾಡಿದ. ಅದಕ್ಕೇ ಕೇಳಿಕೊಳ್ಳುತ್ತಿದ್ದೇನೆ, ಚೀಟಿ ಹಾಕಿದ್ದು ಯಾರು ಅಂತ ನಿಮ್ಮ ಮಕ್ಕಳನ್ನು ಕೆದಕಬೇಡಿ. ನಿಮ್ಮ ಮಗನ ಹೆಸರೇ ಚೀಟಿಯಲ್ಲಿದ್ದರೂ.

ಇನ್ನು ಮುಂದಿನ ಮಾತು. ಈಗಿನ ಹುಡುಗರು ಫೋನ್ ಮಾಡಿ ಮಾತಾಡುವುದಿಲ್ಲ, ಟೈಪ್ ಮಾಡುತ್ತಾರೆ. ಬ್ರಿಟನ್ನಿನ ಸಂಸ್ಥೆ ಹದಿಹರೆಯದವರಿಗಾಗಿ 'ಫಿಯರ್‌ಲೆಸ್' ಎಂಬ ಆನ್‌ಲೈನ್ ವಿಭಾಗ ನಡೆಸುತ್ತಿರುವುದು ಇದಕ್ಕೇ. ಆದರೆ ಟೈಪ್ ಮಾಡಿದ್ದಕ್ಕೆ ಜಾಡು ಉಳಿಯುತ್ತದೆ. ಅದನ್ನು ಅಳಿಸುವುದು ಗೊತ್ತಿದ್ದರೆ ಮಾತ್ರ ಇಂಥ ಸಂಸ್ಥೆಗಳನ್ನು ಜನ ಮುಂದೆಯೂ ನಂಬುತ್ತಾರೆ.

ನಮ್ಮ ಪೆಟ್ಟಿಗೆಗೂ ಅದೇ ತೊಂದರೆ. ಅವತ್ತು ಬಾಯಿ ಬಿಡದ ಹುಡುಗಿ ನಿನ್ನೆ ಬಂದು, "ಅಕ್ಷರ ನೋಡಿದ್ರೆ ಗೊತ್ತಾಗುತ್ತೆ ಸರ್" ಅಂದಳು. ನನಗೆ ಹೊಳೆದೇ ಇರಲಿಲ್ಲ! ಹಾಗಾಗಿ ಅಚ್ಚಿನ ಅಕ್ಷರ ಕತ್ತರಿಸಿ ಅಂಟಿಸಲು ಪೆಟ್ಟಿಗೆಯ ಪಕ್ಕ ಹಳೇ ಪೇಪರು, ಕತ್ತರಿ, ಗೋಂದು ಇಡುತ್ತಿದ್ದೇವೆ. ಕೀಲಿ ನನ್ನ ಹತ್ತಿರ ಮಾತ್ರ ಇರುತ್ತದೆ.

ನಿಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯರು