ಹಿಡಿದು ಬಿಡುವ ಮೀನು ಬದುಕಿ ಉಳಿಯಬೇಕು

ಮಾನ್ಯ ಸಂಪಾದಕರೇ,

ಗಾಳ ಹಾಕಿ ಮೀನು ಹಿಡಿಯುವ ಸ್ಪರ್ಧೆ ಕೊಡಗಿಗೆ ಹೊಸತಲ್ಲ. ಹೊಳೆಯ ದಡದಲ್ಲಿ ನಡೆಯುತ್ತಿದ್ದ ಈ ಸ್ಪರ್ಧೆಗಳು ಈಗ ಮೀನುಮರಿ ಬಿಟ್ಟು ಸಾಕಿದ ತೋಟದ ಕೆರೆಗಳಿಗೂ ಬಂದಿರುವುದನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ಕಾಟ್ಲಾ, ರೋಹು, ಮೃಗಾಲ್ ಜಾತಿಯ ಗೆಂಡೆ ಮೀನುಗಳು ಮಳೆಗಾಲದ ಹರಿಯುವ ನೀರಿನಲ್ಲಿ ಮೊಟ್ಟೆಯಿಡುತ್ತವೆಯೇ ಹೊರತು ನಿಂತ ನೀರಿನ ಕೆರೆಯಲ್ಲಿ ಸಾಮಾನ್ಯವಾಗಿ ಮರಿ ಮಾಡುವುದಿಲ್ಲ. ಕೆರೆಯ ಯಜಮಾನರು ಮರಿ ತಂದು ಬಿಟ್ಟರಷ್ಟೇ ಅಲ್ಲಿ ಈ ಮೀನುಗಳಿರುತ್ತವೆ. ಹಾಗಾಗಿ ಇಂತಹ ಕೆರೆಯಲ್ಲಿ ಸ್ಪರ್ಧೆ ನಡೆದರೆ ಕಾವೇರಿ ಹೊಳೆಯಲ್ಲಿ ತಾನಾಗಿಯೇ ಬೆಳೆಯುವ ಮಹಶೀರ್ ಮೀನಿಗೆ ತೊಂದರೆಯಿಲ್ಲ. ನನ್ನ ತಕರಾರು ಸ್ಪರ್ಧೆಯ ಬಗ್ಗೆ ಅಲ್ಲ, ಹಿಡಿದ ಮೀನನ್ನು ದಿನವಿಡೀ ನಡೆಸಿಕೊಳ್ಳುವ ರೀತಿಯ ಬಗ್ಗೆ.

ಕಳೆದ ಬೇಸಿಗೆಯಲ್ಲಿ ನಾನೂ ಪಾಲ್ಗೊಂಡಿದ್ದ ಒಂದು ಸ್ಪರ್ಧೆಯಲ್ಲಿ ಏರ್ಪಾಡಿಗೆ ಕೊರತೆಯೇನೂ ಇರಲಿಲ್ಲ. ಬೆಳಿಗ್ಗೆ ಚೀಟಿ ಎತ್ತಿ ಒಬ್ಬೊಬ್ಬರಿಗೂ ದಡದ ಮೇಲೆ ಜಾಗ ಗೊತ್ತುಮಾಡಿದರು, ಸೀಟಿ ಊದಿದ ಮೇಲೆಯೇ ಗಾಳ ನೀರಿಗೆ ಬೀಳಬೇಕೆಂಬ ನಿಯಮವನ್ನು ಎಲ್ಲರೂ ಪಾಲಿಸಿದರು. ಸಂಜೆ ಒಟ್ಟು ತೂಕ ಹೆಚ್ಚು ಬಂದವರಿಗೆ ಬಹುಮಾನ, ಮೀನುಗಳನ್ನೆಲ್ಲ ಮತ್ತೆ ಕೆರೆಗೇ ಬಿಡಲಾಗುವುದು ಎಂದು ಮೊದಲೇ ಸಾರಿದ್ದರು. ಆದರೆ ಸಂಜೆಯವರೆಗೆ ಆ ಮೀನುಗಳನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ಯಾರೂ ಹೇಳಲಿಲ್ಲ. ಕೆಲವರು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ, ಕೆಲವರು ಗೊಬ್ಬರದ ಚೀಲದಲ್ಲಿ ತುಂಬಿಟ್ಟುಕೊಂಡರು. ತೂಕ ಮಾಡುವಾಗ ಕಿವಿರಿನೊಳಗೆ ತಕ್ಕಡಿಯ ಕೊಕ್ಕೆ ಸಿಕ್ಕಿಸಿ ನೇತುಹಾಕಿದರು. ಫೋಟೋ ತೆಗೆದಾದ ಮೇಲೆ ಚಪ್ಪಾಳೆಯ ನಡುವೆ ಅವನ್ನು ನೀರಿಗೆ ಬಿಟ್ಟದ್ದೂ ನಿಜ. ಮಾರನೆಯ ದಿನ ತೂಬಿನ ಬಳಿ ಹೊಟ್ಟೆ ಮೇಲಾಗಿ ತೇಲುತ್ತಿದ್ದ ಮೀನುಗಳನ್ನು ತೋಟದ ಕೆಲಸದವರು ಬುಟ್ಟಿಯಲ್ಲಿ ಎತ್ತಿ ಹೊರಗೆ ಹಾಕಬೇಕಾಯಿತು.

ಇದಕ್ಕೆ ಕಾರಣ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಕಾಫಿ ಹೂ ಅರಳಿಸಲು ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ಸ್ಪ್ರಿಂಕ್ಲರ್ ಹಾಕಿದ ಮೇಲೆ ನಮ್ಮ ಕೆರೆಗಳ ನೀರು ತಳ ಹಿಡಿದಿರುತ್ತದೆ, ಉಳಿದ ನೀರು ಬೇಗ ಕಾಯುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳಬಲ್ಲದು, 30 ಡಿಗ್ರಿಗೆ ಏರಿದರೆ ಅದು ಏಳೂವರೆ ಮಿಲಿಗ್ರಾಂಗೆ ಇಳಿಯುತ್ತದೆ. ನೀರಿನಲ್ಲಿ ಪಾಚಿ ಹೆಚ್ಚಿದ್ದರೆ ಅದೂ ರಾತ್ರಿಯೆಲ್ಲ ಆಮ್ಲಜನಕವನ್ನು ಬಳಸಿಕೊಳ್ಳುವುದರಿಂದ, ಸ್ಪರ್ಧೆ ಆರಂಭವಾಗುವ ನಸುಕಿನ ಹೊತ್ತಿಗೇ ಕೆರೆಯ ಉಸಿರು ಅತ್ಯಂತ ಕಡಿಮೆಯಾಗಿರುತ್ತದೆ. ಮೀನನ್ನು ಸೆಳೆಯಲೆಂದು ಪ್ರತಿಯೊಬ್ಬರೂ ಎರಚುವ ಕಡಲೆಕಾಯಿ ಹಿಂಡಿ ಮತ್ತು ತೌಡಿನ ಉಂಡೆಗಳಲ್ಲಿ ಮೀನು ತಿನ್ನದೆ ಉಳಿದದ್ದು ತಳದಲ್ಲಿ ಕೊಳೆತು, ಇದ್ದ ಆಮ್ಲಜನಕವನ್ನೂ ಹೀರುತ್ತದೆ. ಇಂತಹ ನೀರಿನಲ್ಲಿ ಗಾಳಕ್ಕೆ ಸಿಕ್ಕಿ ಸೆಣಸಿ ದಣಿದ ಮೀನನ್ನು ಬಕೆಟ್ಟಿನಲ್ಲಿ ಗಂಟೆಗಟ್ಟಲೆ ಇಟ್ಟರೆ ಅದು ಬದುಕುವುದಾದರೂ ಹೇಗೆ? ಒಣಗೈಯಲ್ಲಿ ಹಿಡಿದಾಗ, ಚೀಲಕ್ಕೆ ಉಜ್ಜಿದಾಗ ಮೈಮೇಲಿನ ಲೋಳೆ ಹೋಗಿ ಹುರುಪೆ ಕಿತ್ತು ಬರುತ್ತದೆ. ಆ ಜಾಗದಲ್ಲಿ ಕೆಲವೇ ದಿನಗಳಲ್ಲಿ ಹತ್ತಿಯಂತಹ ಬಿಳಿ ಬೂಷ್ಟು ಹಿಡಿಯುವುದರಿಂದ, ಈಜುತ್ತ ಹೋದ ಮೀನೆಲ್ಲ ಬದುಕಿತೆಂದು ಲೆಕ್ಕ ಹಾಕುವಂತೆಯೂ ಇಲ್ಲ.

ಈ ಆಟ ಚೆನ್ನಾಗಿ ಬೇರೂರಿರುವ ಇಂಗ್ಲೆಂಡಿನಲ್ಲಿ, ಮೀನು ಸಾಕಿದ ಬಹುತೇಕ ಕೆರೆಗಳವರು ಮುಳ್ಳಿಲ್ಲದ ಕೊಕ್ಕೆಯನ್ನೇ ಬಳಸಬೇಕೆಂದು ನಿಯಮ ಮಾಡಿದ್ದಾರೆ. ಹಿಡಿದ ಮೀನನ್ನು ಗಂಟಿಲ್ಲದ ಮೆದು ನೂಲಿನ ಉದ್ದನೆಯ ಬಲೆಚೀಲದಲ್ಲಿ ಕೆರೆಯ ನೀರಿನಲ್ಲೇ ಮುಳುಗಿಸಿಡುತ್ತಾರೆ, ಒಂದು ಚೀಲದಲ್ಲಿ ಇಷ್ಟೇ ತೂಕದ ಮೀನು ಇರಬೇಕೆಂಬ ಮಿತಿಯನ್ನೂ ಹಾಕುತ್ತಾರೆ. ನಮಗೆ ಇದು ದುಬಾರಿಯ ಮಾತೇನಲ್ಲ. ಕೊಕ್ಕೆಯ ತುದಿಯಲ್ಲಿ ಹಿಂದಕ್ಕೆ ಚಾಚಿರುವ ಸಣ್ಣ ಮುಳ್ಳನ್ನು ಇಕ್ಕಳದಿಂದ ಒಮ್ಮೆ ಅದುಮಿದರೆ ಅದು ಮಟ್ಟವಾಗುತ್ತದೆ, ಆಮೇಲೆ ಮೀನಿನ ತುಟಿ ಹರಿಯದಂತೆ ಕೊಕ್ಕೆ ಸಲೀಸಾಗಿ ಬಿಡುತ್ತದೆ. ದಾರ ಸಡಿಲ ಬಿಟ್ಟರೆ ಮೀನು ತಪ್ಪಿಸಿಕೊಳ್ಳುತ್ತದೆ ಎಂಬ ಆಕ್ಷೇಪ ನನಗೂ ಗೊತ್ತು. ದಾರವನ್ನು ಬಿಗಿಯಾಗಿ ಹಿಡಿಯುವುದೇ ತಾನೆ ಗಾಳದವರ ಕೈಚಳಕ? ಅಂತಹ ಬಲೆಚೀಲ ಸಿಗದ ಕಡೆ ತೀರ್ಪುಗಾರರೇ ಒದ್ದೆ ಜೋಳಿಗೆ ಮತ್ತು ತಕ್ಕಡಿಯೊಂದಿಗೆ ದಡದಲ್ಲಿ ಓಡಾಡುತ್ತಿದ್ದು, ಮೀನು ಸಿಕ್ಕಿದ ಸ್ಥಳದಲ್ಲೇ ತೂಗಿ ಬರೆದುಕೊಂಡು ಕೂಡಲೇ ಬಿಡಿಸಬಹುದು. ಹೀಗೆ ಮಾಡಿದರೆ ಸಂಜೆಯ ತೂಕದ ಸಡಗರ ಇರುವುದಿಲ್ಲ ಎಂಬುದನ್ನು ಒಪ್ಪುತ್ತೇನೆ, ಆದರೆ ಮೀನು ಉಳಿಯುತ್ತದೆ. ವಾಲ್ನೂರಿನಲ್ಲಿ ಕೂರ್ಗ್ ವೈಲ್ಡ್‌ಲೈಫ್ ಸೊಸೈಟಿಯವರು ಮಹಶೀರ್ ಮೀನನ್ನು ಹಿಡಿದು ಹೊಳೆಗೇ ಬಿಡುವ ಪದ್ಧತಿಯನ್ನು ಬೆಳೆಸಿಕೊಂಡು ಬಂದಿರುವ ಜಿಲ್ಲೆ ನಮ್ಮದು. ಕೆರೆಯ ಗೆಂಡೆ ಮೀನಿಗೂ ಅಷ್ಟು ಎಚ್ಚರ ತೋರಿಸುವುದು ನಮಗೆ ಕಷ್ಟವಾಗಬಾರದು.

ಮೀನು ತಿನ್ನುವುದು ತಪ್ಪೆಂದು ನಾನು ಹೇಳುತ್ತಿಲ್ಲ. ನಮ್ಮ ಮನೆಯಲ್ಲೂ ಮೀನುಸಾರು ಮಾಡುತ್ತೇವೆ. ಹಿಡಿದವರು ಮನೆಗೆ ಒಯ್ಯಬಹುದು ಎಂದು ಸಾರಿ, ಸಿಕ್ಕ ಮೀನನ್ನು ಕೂಡಲೇ ಕೊಂದು ಐಸಿನಲ್ಲಿಟ್ಟು ತೂಗುವ ಸ್ಪರ್ಧೆಯೂ ಪ್ರಾಮಾಣಿಕವಾದದ್ದೇ. ಬಿಡುತ್ತೇವೆಂದು ಹೇಳಿ ಸಾಯುವಂತೆ ಮಾಡುವುದು ಮಾತ್ರ ಸರಿಯಲ್ಲ.

ಆದ್ದರಿಂದ ಸಂಘಟಕರಲ್ಲಿ ನನ್ನ ವಿನಂತಿಯಿಷ್ಟೆ. ಸ್ಪರ್ಧೆಯನ್ನು ಬಿರುಬೇಸಿಗೆಯಲ್ಲಿ ಇಡದೆ, ಮಳೆ ಕಳೆದು ಕೆರೆ ತುಂಬಿ ನೀರು ತಂಪಾಗಿರುವ ನವೆಂಬರ್‌ನಿಂದ ಜನವರಿಯೊಳಗೆ ಇಟ್ಟುಕೊಳ್ಳಿ. ಮೀನನ್ನು ಬಿಡುವಿರೋ ಒಯ್ಯುವಿರೋ ಎಂಬುದನ್ನೂ, ಬಿಡುವುದಾದರೆ ಅದನ್ನು ಹೇಗೆ ಇಡಬೇಕು, ಎಷ್ಟು ಹಿಂಡಿ ಎರಚಬಹುದು ಎಂಬುದನ್ನೂ ಪ್ರವೇಶ ಅರ್ಜಿಯಲ್ಲೇ ಮುದ್ರಿಸಿ. ಹಾರಂಗಿಯಲ್ಲಿ ಮೀನುಮರಿ ಬೆಳೆಸುವ ಅನುಭವವಿರುವ ಮೀನುಗಾರಿಕೆ ಇಲಾಖೆಯು ಇಂತಹ ನಿಯಮಗಳ ಒಂದು ಪುಟದ ಮಾದರಿಯನ್ನು ಸಿದ್ಧಪಡಿಸಿ, ಮರಿ ಒಯ್ಯಲು ಬರುವ ಕೆರೆ ಯಜಮಾನರ ಕೈಗೆ ಕೊಟ್ಟರೆ ಈ ಕೆಲಸ ಇನ್ನೂ ಸುಲಭವಾಗುತ್ತದೆ.

ಇಂತಿ,
ಕಾಫಿ ಬೆಳೆಗಾರ, ಸಿದ್ದಾಪುರ, ಕೊಡಗು